ಚಿಂದಿ ಮೂಲ

ಕಣ್ಣು ಮುಚ್ಚಿಕೊಂಡು ಚೀಲಕ್ಕೆ ಕೈ ಹಾಕುವುದೇ ಆ ತಿಂಗಳ ಪಂಥ. ಟೈಲರಕ್ಕನ ಅಂಗಡಿಯ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ಕೌದಿ ಹೊಲಿಯಲು ಸೇರುವ ಹೆಂಗಸರು ತಮ್ಮ ತಮ್ಮ ಮನೆಯ ಚಿಂದಿಯನ್ನೆಲ್ಲ ತಂದು ಒಂದೇ ಗೋಣಿಚೀಲಕ್ಕೆ ಸುರಿಯಬೇಕು. ಆಮೇಲೆ ಒಬ್ಬೊಬ್ಬರಾಗಿ ಬಂದು ಬಾಚಿದಷ್ಟು ತೆಗೆದುಕೊಳ್ಳಬೇಕು. ಬಂದದ್ದನ್ನು ಬದಲಾಯಿಸುವಂತಿಲ್ಲ, ಒಂದು ತುಂಡನ್ನೂ ಬಿಡುವಂತಿಲ್ಲ. ಸಂಜೆಯೊಳಗೆ ಅಷ್ಟನ್ನೂ ಸೇರಿಸಿ ಒಂದು ಚೌಕ ಹೊಲಿಯಬೇಕು. ಎಲ್ಲರ ಚೌಕ ಕೂಡಿಸಿದರೆ ಒಂದು ಕೌದಿ. ಯಾರ ಚೌಕ ಎಲ್ಲಕ್ಕಿಂತ ಚೆನ್ನೋ ಆ ಕೌದಿ ಅವರ ಮನೆಗೆ.

ಇನ್ನೊಂದು ಕಟ್ಟಳೆಯೂ ಇತ್ತು. ಯಾವ ತುಂಡು ಯಾರ ಮನೆಯದು ಎಂದು ಕೇಳಬಾರದು. ಹಿಂದೊಮ್ಮೆ ಯಾರೋ ಒಂದು ಪಟ್ಟೆಬಟ್ಟೆ ಎತ್ತಿ ಹಿಡಿದು, ಇದು ನಿಮ್ಮ ಯಜಮಾನರ ಚಡ್ಡಿಯದಲ್ಲವೇ ಎಂದು ತುಂಬಿದ ಸಭೆಯಲ್ಲಿ ಕೇಳಿದ್ದಕ್ಕೆ, ಕೇಳಿಸಿಕೊಂಡವಳು ತಿಂಗಳುಗಟ್ಟಲೆ ಈ ಕಡೆ ತಲೆ ಹಾಕಿರಲಿಲ್ಲ. ಅಂದಿನಿಂದ ಟೈಲರಕ್ಕನದು ಒಂದೇ ಮಂತ್ರ: ನದಿ ಮೂಲ ಕೇಳಬಾರದು, ಋಷಿ ಮೂಲ ಕೇಳಬಾರದು, ಚಿಂದಿ ಮೂಲವಂತೂ ಕೇಳಲೇಬಾರದು.

ಗಿರಗಿಟ್ಲೆ ಕೈ ಹಾಕಿದಾಗ ಕೋಣೆಯೆಲ್ಲ ನಗುತ್ತಿತ್ತು. ಕಾಲೇಜಿನಲ್ಲಿ ಓದುವ ಹುಡುಗಿ, ಕೂತಲ್ಲಿ ಕೂರದವಳು, ಬಾಯಿಗೆ ಬೀಗವಿಲ್ಲದವಳು. ಅದಕ್ಕೇ ಆ ಹೆಸರು. ಅವಳು ಅಮ್ಮನ ಬಾಲವಾಗಿ ಇಲ್ಲಿಗೆ ಬರಲು ಶುರುಮಾಡಿ ವರ್ಷವಾಗಿತ್ತು. ಕಣ್ಣು ಮುಚ್ಚಿ, ಲಾಟರಿ ಎತ್ತುವವಳಂತೆ ಮಂತ್ರ ಗೊಣಗಿ, ಒಂದು ಬೊಗಸೆ ಚಿಂದಿ ಎಳೆದು ಮಡಿಲಿಗೆ ಸುರಿದುಕೊಂಡು ತನ್ನ ಜಾಗಕ್ಕೆ ಬಂದಳು. ಹೂವಿನ ಸೀರೆಯ ಅಂಚು, ಪರದೆಯ ತುಂಡು, ಟೈಲರಕ್ಕನ ಅಂಗಡಿಯ ಮೂಲೆಮೂಲೆಯ ಲೈನಿಂಗು. ಅವುಗಳ ಕೆಳಗೆ ಒಂದು ನೀಲಿ ತುಂಡು.

ನೀಲಿ ತುಂಡಿನ ಮೇಲೆ ಹಸಿರು ದಾರದ ತೇಪೆ.

ಆ ತೇಪೆಯನ್ನು ಹಾಕಿದವಳು ಅವಳೇ. ಅಣ್ಣನ ಅಂಗಿಗೆ ಇಸ್ತ್ರಿ ಮಾಡುವಾಗ ಫೋನ್ ನೋಡುತ್ತ ತೋಳು ಸುಟ್ಟು, ನೀಲಿ ದಾರ ಸಿಗದೆ ಹಸಿರಿನಲ್ಲೇ ಮುಚ್ಚಿದ್ದಳು. ಆಕಾಶದಲ್ಲಿ ಗಿಳಿ ಸತ್ತುಬಿದ್ದಂತಿದೆ ಎಂದು ಅಣ್ಣ ಹಾಸ್ಯ ಮಾಡಿದ್ದ. ಹಾಸ್ಯ ಮಾಡಿಕೊಂಡೇ ಅದನ್ನು ಹಾಕಿಕೊಂಡು ಕೆಲಸಕ್ಕೆ ಹೋಗಿದ್ದ.

ಅಣ್ಣ ಮನೆಗಳಿಗೆ ಬಣ್ಣ ಬಳಿಯುವವನು. ಕೆಲಸ ಸಿಕ್ಕಲ್ಲಿ ವಾರಗಟ್ಟಲೆ ಅಲ್ಲೇ ಉಳಿಯುವವನು. ಫೋನು ಚಾರ್ಜ್ ಮಾಡುವುದೆಂದರೆ ಅವನಿಗೆ ಬೆಟ್ಟ ಹೊತ್ತ ಹಾಗೆ. ಅವನ ಫೋನ್ ಸ್ವಿಚ್ ಆಫ್ ಎಂದರೆ ಮನೆಯಲ್ಲಿ ಗಾಬರಿ ಬೀಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಯಾರಿಗೋ ಕೊಟ್ಟಿರಬಹುದು, ಹರಿದಿದ್ದಕ್ಕೆ ಎಸೆದಿರಬಹುದು ಎಂದುಕೊಂಡು ಅವಳು ತುಂಡನ್ನು ತಿರುಗಿಸಿದಳು. ಆಗ ಕತ್ತರಿಸಿದ ಅಂಚು ಕಣ್ಣಿಗೆ ಬಿತ್ತು. ಕೌದಿ ಹೊಲಿಯುವವರು ಹಳೆ ಬಟ್ಟೆಯ ಹೊಲಿಗೆ ಬಿಚ್ಚುತ್ತಾರೆಯೇ ಹೊರತು ಹೊಲಿಗೆಯ ಮೇಲೆ ಕತ್ತರಿ ಆಡಿಸುವುದಿಲ್ಲ. ಬಟ್ಟೆಯೂ ಹಾಳು, ಕತ್ತರಿಯೂ ಮೊಂಡು. ಇದನ್ನು ಕತ್ತರಿಸಿದವರಿಗೆ ಬಟ್ಟೆಯ ಚಿಂತೆಯೇ ಇದ್ದಂತಿರಲಿಲ್ಲ. ತೋಳಿನ ತುದಿಯಿಂದ ಭುಜದವರೆಗೆ, ಮಡಿಕೆ, ಹೊಲಿಗೆ ಏನನ್ನೂ ಲೆಕ್ಕಿಸದೆ, ಒಂದೇ ಓಟಕ್ಕೆ ಸೀಳಿದ್ದರು. ಅಂಚಿನಲ್ಲಿ ಎಷ್ಟು ಒಗೆದರೂ ಹೋಗದ ಕಂದು ನೆರಳು.

ಮೈಮೇಲಿದ್ದ ಅಂಗಿಯನ್ನು ಮಾತ್ರ ಹಾಗೆ ಕತ್ತರಿಸುತ್ತಾರೆ.

ಅವಳು ತುಂಡನ್ನು ಪರದೆಯ ಬಟ್ಟೆಯ ಕೆಳಗೆ ತಳ್ಳಿದಳು. ಎದುರು ಗೋಡೆಗೆ ಒರಗಿ ಕೂತ ಅಮ್ಮ ತನ್ನ ಪಾಲಿಗೆ ಬರೀ ಕಪ್ಪು ಬಟ್ಟೆಯೇ ಬಂದಿದೆ, ಇದರಲ್ಲಿ ಚೌಕವಲ್ಲ, ಕಾಗೆ ಹೊಲಿಯಬೇಕು ಎಂದು ಪಕ್ಕದವಳ ಹತ್ತಿರ ಗೊಣಗುತ್ತಿದ್ದಳು. ಗಿರಗಿಟ್ಲೆ ಮಡಿಲಿನ ಮರೆಯಲ್ಲಿ ಫೋನು ಹಿಡಿದು ಅಣ್ಣನಿಗೆ ಹಚ್ಚಿದಳು. ಸ್ವಿಚ್ ಆಫ್. ಎಷ್ಟೋ ಸಲ ಕೇಳಿದ್ದ ಅದೇ ಹೆಣ್ಣುದನಿ. ಮತ್ತೆ ಹಚ್ಚಿದಳು, ಮತ್ತೆ ಅದೇ. ಸೂಜಿಗೆ ದಾರ ಪೋಣಿಸಲು ನೋಡಿದಳು. ದಾರ ಸೂಜಿಯ ಸುತ್ತೆಲ್ಲ ಓಡಾಡಿತು, ಕಣ್ಣಿಗೆ ಮಾತ್ರ ಸೇರಲಿಲ್ಲ.

"ಏನೇ, ಬಾಯಿಗೂ ಹೊಲಿಗೆ ಹಾಕ್ಕೊಂಡ್ಯಾ?" ಟೈಲರಕ್ಕ ಎಲ್ಲರ ಕೆಲಸ ನೋಡುತ್ತ ಹತ್ತಿರ ಬಂದಿದ್ದಳು. ಹೆಂಗಸರು ನಕ್ಕರು. ಅವಳೂ ಹಲ್ಲು ತೋರಿಸಿದಳು. ಅಮ್ಮ ನಗದೆ ತನ್ನತ್ತ ನೋಡಿದ್ದನ್ನು ಅವಳು ಗಮನಿಸಲಿಲ್ಲ.

ಅವಳ ಕಣ್ಣು ಬೇರೆಯವರ ಮಡಿಲುಗಳ ಮೇಲಿತ್ತು. ಪಕ್ಕದವಳ ಗುಡ್ಡೆಯಲ್ಲಿ ಒಂದು ಬಿಳಿ ತುಂಡು ಅದೇ ರೀತಿ ಸೀಳಿದ್ದು. ಆಚೆಯವಳ ಹತ್ತಿರ ಪ್ಯಾಂಟಿನ ಬಟ್ಟೆ, ಅದೂ ಹಾಗೆಯೇ. ಬಗ್ಗಿ ನೋಡಿದರೆ ಎರಡರಲ್ಲೂ ಮೂಗಿಗೆ ಹೊಡೆಯುವ ಔಷಧಿಯ ವಾಸನೆ. ಕೋಣೆಯಲ್ಲಿ ಆ ವಾಸನೆಯ ಸೀರೆ ಉಡುವವಳು ಒಬ್ಬಳೇ. ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಹತ್ತಿರ ಕೆಲಸ ಮಾಡುವ ಹೆಂಗಸು. ನೆಂಟಳಲ್ಲದಿದ್ದರೂ ಎಲ್ಲರಿಗೂ ಲಾಂಡ್ರಿ ಚಿಕ್ಕಮ್ಮ.

ಕೇಳಬಾರದು ಎಂಬ ಕಟ್ಟಳೆ ಅವಳಿಗೆ ನೆನಪಿತ್ತು. ಅದಕ್ಕಿಂತ ಹೆಚ್ಚಾಗಿ ಕೇಳುವ ಧೈರ್ಯವೇ ಇರಲಿಲ್ಲ. ಕೇಳದಿರುವ ತನಕ ಅಣ್ಣ ಎಲ್ಲೋ ಒಂದು ಗೋಡೆಗೆ ಬಣ್ಣ ಬಳಿಯುತ್ತಿದ್ದಾನೆ. ಕೇಳಿದ ಮೇಲೆ?

ಚಿಕ್ಕಮ್ಮ ಕೈ ತೊಳೆಯಲು ಹಿತ್ತಿಲ ನಲ್ಲಿಗೆ ಇಳಿದಾಗ ಗಿರಗಿಟ್ಲೆಯ ಕಾಲುಗಳು ತಾವಾಗಿಯೇ ಹಿಂದೆ ಹೋದವು. ಅವಳು ನೀಲಿ ತುಂಡನ್ನು ಚಾಚಿದಳು.

ಚಿಕ್ಕಮ್ಮ ನೋಡಿ, ಚಿಂದಿ ಮೂಲ ಕೇಳಬಾರದಲ್ಲವೇ ಎಂದು ನಕ್ಕಳು. ಹುಡುಗಿಯ ಮುಖ ನೋಡಿದ ಮೇಲೆ ನಗು ಅರ್ಧಕ್ಕೇ ನಿಂತಿತು. ನಲ್ಲಿ ನಿಲ್ಲಿಸಿ, ಆಚೀಚೆ ನೋಡಿ, ದನಿ ಇಳಿಸಿ ಒಂದೊಂದೇ ಹೇಳಿದಳು. ಅಪಘಾತದವರು ಬಂದರೆ ಬಟ್ಟೆ ಕತ್ತರಿಸಿಯೇ ತೆಗೆಯುತ್ತಾರೆ. ಯಾರೂ ಕೇಳದಿದ್ದರೆ ಅದು ಕಸಕ್ಕೆ. ಒಳ್ಳೆಯ ಬಟ್ಟೆ ಹಾಳಾಗುತ್ತದಲ್ಲ ಎಂದು ತಾನೇ ಕುದಿಸಿ, ಒಗೆದು ತರುತ್ತಾಳೆ. ಇದು ಹೊರಗೆ ಗೊತ್ತಾದರೆ ಕೆಲಸಕ್ಕೆ ಕುತ್ತು.

"ಇದು ನಮ್ಮಣ್ಣಂದು, ಚಿಕ್ಕಮ್ಮ."

ಚಿಕ್ಕಮ್ಮ ಹುಡುಗಿಯ ಎರಡೂ ಕೈ ಹಿಡಿದುಕೊಂಡಳು. "ನೋಡಿಲ್ಲಿ, ಸತ್ತು ಬಂದೋರ ಬಟ್ಟೆ ನಮ್ಮ ಕೈಗೆ ಬರೋದೇ ಇಲ್ಲ. ಪೊಲೀಸ್ನೋರು ಚೀಲಕ್ಕೆ ಹಾಕಿ ಮುದ್ರೆ ಒತ್ತಿ ತಗೊಂಡ್ಹೋಗ್ತಾರೆ. ಇದು ಬಂದಿದೆ ಅಂದ್ರೆ ಜೀವ ಇತ್ತು ಅಂತ."

"ಬಂದಾಗ ಇತ್ತು ಅಂತ ಅಷ್ಟೇ ತಾನೇ?"

ಚಿಕ್ಕಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಚಪ್ಪಲಿ ಹಾಕ್ಕೋ, ಹೋಗಿ ನೋಡೇಬಿಡೋಣ ಎಂದಳು.

ದಾರ ತರಲು ಹೋಗುತ್ತಿದ್ದೇವೆ ಎಂದು ಅಮ್ಮನಿಗೆ ಸುಳ್ಳು ಹೇಳುವುದೆಂದು ಇಬ್ಬರೂ ಮಾತಾಡಿಕೊಂಡು ಮುಂಬಾಗಿಲಿಗೆ ಬಂದರೆ, ಅಮ್ಮ ಅಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದಳು. ಬೆರಳಲ್ಲಿ ಇನ್ನೂ ಸೂಜಿ ಹಾಗೇ ಇತ್ತು.

"ಗಿರಗಿಟ್ಲೆ ತಿರುಗೋದು ನಿಲ್ಸಿದ್ರೆ ನಂಗೆ ಗೊತ್ತಾಗಲ್ವೇನೇ? ಯಾರಿಗೆ ಏನಾಯ್ತು?"

ಸುಳ್ಳು ನಾಲಿಗೆಯ ತುದಿಯಲ್ಲೇ ಒಣಗಿತು. ಅವಳು ತುಂಡನ್ನು ಅಮ್ಮನ ಕೈಗಿಟ್ಟಳು. ಅಮ್ಮ ಕತ್ತರಿಸಿದ ಅಂಚಿನ ಉದ್ದಕ್ಕೂ ಹೆಬ್ಬೆರಳಾಡಿಸಿದಳು. ತೋಳಿಂದ ಭುಜದವರೆಗೆ. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿಟ್ಟುಕೊಂಡು, ಲಾಂಡ್ರಿ ಚಿಕ್ಕಮ್ಮನ ಮುಖ ನೋಡಿ, ಬೀದಿಗಿಳಿದು ಆಸ್ಪತ್ರೆಯ ಕಡೆ ನಡೆದಳು. ಇಬ್ಬರೂ ಅವಳ ಹಿಂದೆ ಓಡಬೇಕಾಯಿತು.

ಆಸ್ಪತ್ರೆ ದೂರವೇನಿರಲಿಲ್ಲ. ಬೇಕರಿ, ಬೀಗದ ಅಂಗಡಿ, ಸೈಕಲ್ ರಿಪೇರಿ ಎಲ್ಲ ದಿನದಂತೆ ತೆರೆದಿದ್ದವು. ಜನ ನಗುತ್ತಿದ್ದರು. ದಿನವೂ ಕಾಲೇಜಿನ ಬಸ್ಸಿನಲ್ಲಿ ಅವಳು ಈ ಆಸ್ಪತ್ರೆಯ ಗೇಟು ದಾಟುತ್ತಿದ್ದಳು, ಗೆಳತಿಯರ ಜೊತೆ ಕೇಕೆ ಹಾಕುತ್ತ. ಅಷ್ಟು ದಿನವೂ ಅವನು ಒಳಗಿದ್ದನೇ? ಎಲ್ಲಿ, ಮೇಲೋ, ನೆಲದಡಿಯಲ್ಲೋ?

ವಾರ್ಡಿನ ಮೇಜಿನ ಹಿಂದಿದ್ದ ನರ್ಸು ಚಿಕ್ಕಮ್ಮನ ಗುರುತಿನವಳು. ಹೆಸರು ಗೊತ್ತಿಲ್ಲದ ಗಂಡಸು, ರಸ್ತೆ ಅಪಘಾತ, ನೀಲಿ ಅಂಗಿ ಎಂದು ಚಿಕ್ಕಮ್ಮ ಕೇಳಿದಳು. ನರ್ಸು ಪೆನ್ನು ಕೆಳಗಿಟ್ಟು ಮೂವರನ್ನೂ ನೋಡಿದಳು. ಅಂಗಿಯ ಬಣ್ಣ ತನಗೆ ನೆನಪಿಲ್ಲ ಎಂದಳು.

"ಹೋದ ವಾರ ಒಂದೇ ಅಪಘಾತದಲ್ಲಿ ಇಬ್ರು ಬಂದ್ರು, ಇಬ್ರಿಗೂ ಹೆಸರಿಲ್ಲ. ಒಬ್ರು ಇಲ್ಲೇ ಕೊನೆ ಮಂಚದಲ್ಲಿದ್ದಾರೆ, ಇವತ್ತಷ್ಟೇ ಎಚ್ಚರ ಆಗಿದೆ, ಇನ್ನೂ ಮಾತಾಡೋಕಾಗಲ್ಲ." ಚಿಕ್ಕಮ್ಮನ ಕಡೆ ತಿರುಗಿದಳು. "ಇನ್ನೊಬ್ರು ನಿನ್ನೆ ಹೋಗ್ಬಿಟ್ರು. ಕೆಳಗೆ ಶವಾಗಾರದಲ್ಲಿ ಇಟ್ಟಿದ್ದಾರೆ."

ಕೊನೆಯ ಮಂಚದ ಸುತ್ತ ಹಸಿರು ಪರದೆ ಎಳೆದಿತ್ತು. ಗಿರಗಿಟ್ಲೆ ಬಾಗಿಲ ಚೌಕಟ್ಟನ್ನು ಹಿಡಿದಳು. ಇವನಲ್ಲದಿದ್ದರೆ ಅವನು. ಪರದೆಯಾಚೆ ಬೇರೆ ಯಾರದೋ ಮಗ ಮಲಗಿದ್ದರೆ ಮೆಟ್ಟಿಲಿಳಿದು ಹೋಗಬೇಕು. ಬೇರೆ ತಾಯಿಯೊಬ್ಬಳಿಗೆ ಕೇಡು ಬಯಸುತ್ತಿದ್ದೇನಲ್ಲ ಎಂದು ಹೊಳೆದು ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು. ಆದರೂ ಬಯಸಿದಳು. ಚಿಕ್ಕಮ್ಮ ಬೆನ್ನ ಮೇಲೆ ಕೈಯಿಟ್ಟರೂ ಅಲುಗಲಿಲ್ಲ.

ಅಮ್ಮ ಒಬ್ಬಳೇ ನಡೆದಳು. ಮಂಚಗಳ ನಡುವೆ, ಯಾರನ್ನೂ ನೋಡದೆ. ಪರದೆ ಸರಿಸಿ ಒಳಗೆ ಹೋದಳು. ಪರದೆ ಮುಚ್ಚಿಕೊಂಡಿತು.

ಎಲ್ಲೋ ಒಂದು ಯಂತ್ರ ಟಿಕ್ ಎನ್ನುತ್ತಿತ್ತು. ಯಾರೋ ಕೆಮ್ಮಿದರು.

ಆಮೇಲೆ ಅಮ್ಮನ ದನಿ ಬಂತು. ಮೊದಲು ಸಣ್ಣಗೆ, ಆಮೇಲೆ ಇಡೀ ವಾರ್ಡಿಗೆ ಕೇಳಿಸುವಂತೆ.

"ಚಾರ್ಜ್ ಮಾಡ್ಕೊಳ್ಳೋ, ಚಾರ್ಜ್ ಮಾಡ್ಕೊಳ್ಳೋ ಅಂತ ಎಷ್ಟ್ ಬಡ್ಕೊಂಡಿದ್ದೆ ನಾನು? ಹಡೆದವಳ ಹೊಟ್ಟೆಗೆ ಬೆಂಕಿ ಇಡೋಕೆ ಹುಟ್ಟಿದ್ಯಾ?"

ಹೆಣವನ್ನೂ ಬೈದು ಅಳುವ ತಾಯಂದಿರಿದ್ದಾರೆ. ಮಂಚದಲ್ಲಿದ್ದವನನ್ನು ಬೈಯುತ್ತಿದ್ದಾಳೋ, ಕೆಳಗಿರುವವನನ್ನೋ, ಗಿರಗಿಟ್ಲೆಗೆ ತಿಳಿಯಲಿಲ್ಲ. ಬೈಗುಳ ಮುಂದುವರಿಯಿತು, ಅವನನ್ನು ಕೆಲಸಕ್ಕೆ ಕರೆದ ಮೇಸ್ತ್ರಿಯನ್ನು ಸೇರಿಸಿಕೊಂಡು, ರಸ್ತೆಯನ್ನು ಸೇರಿಸಿಕೊಂಡು. ನರ್ಸು ದಡದಡನೆ ಅತ್ತ ಓಡಿದಳು.

"ಅಮ್ಮಾ, ಸಾಕು ಬೈದಿದ್ದು. ದವಡೆಗೆ ತಂತಿ ಕಟ್ಟಿದೆ. ಅವ್ರಿಗೆ ನಗು ಬರ್ತಿದೆ, ನಕ್ರೆ ಹೊಲಿಗೆ ಬಿಟ್ಕೊಳತ್ತೆ."

ಚಿಕ್ಕಮ್ಮ ಮೆಲ್ಲಗೆ, ಹೋಗೇ ಎಂದಳು. ಗಿರಗಿಟ್ಲೆ ಹೋಗಬೇಕೆಂದೇ ಇದ್ದಳು. ಬೆರಳುಗಳು ಚೌಕಟ್ಟನ್ನು ಬಿಡಲಿಲ್ಲ. ಒಂದೊಂದಾಗಿ ಅವನ್ನು ಚಿಕ್ಕಮ್ಮನೇ ಬಿಡಿಸಬೇಕಾಯಿತು.