ಹದಿನೇಳನೆಯ ಗಮೋಸಾ

ಥಾನುವನ್ನು ಮಗ್ಗದ ಕೋಣೆಯೊಳಗೆ ನೂಕಿ, ಹೊರಗಿನಿಂದ ಚಿಲಕ ಹಾಕಿ, ನಿರುಪಮಾ ಬಾಗಿಲಿಗೆ ಬೆನ್ನು ಒತ್ತಿ ನಿಂತಳು.

"ಅತ್ತಿಗೆ, ಬಿಡಿ ನನ್ನ. ಒಂದ್ಸಲ ಮುಖ ನೋಡಿ ಹೋಗ್ತೀನಿ," ಎಂದ ಥಾನು ಒಳಗಿನಿಂದ.

"ಅವರ ಮುಖ ನೋಡೋಕೆ ಹೋದ್ರೆ ನಿನ್ನ ಮುಖ ಉಳಿಯಲ್ಲ. ಬಾಯಿ ಮುಚ್ಕೊಂಡು ಕೂತಿರು."

ಮುಂದಿನ ಅಂಗಳದಲ್ಲಿ, ತುಳಸಿಯ ಬುಡದಲ್ಲಿ, ಬಾಳೆಲೆಯ ಮೇಲೆ ಅವಳ ಗಂಡ ರತ್ನೇಶ್ವರ ಮಲಗಿದ್ದ. ದಿಖೌ ನದಿಯ ಎರಡೂ ದಂಡೆಯವರಿಗೆ ಅವನು ಅಣ್ಣ, ರತ್ನದಾ, ತಮ್ಮದೇ ಹಾಡುಗಾರ. ಬೆಳಗಿನಿಂದ ಜನ ದೋಣಿಯಲ್ಲಿ, ಸೈಕಲ್ಲಿನಲ್ಲಿ, ಟೀ ತೋಟದ ಟ್ರ್ಯಾಕ್ಟರಿನಲ್ಲಿ ಬರುತ್ತಲೇ ಇದ್ದರು. ಎಲ್ಲರ ಕೈಯಲ್ಲೂ ಗೌರವಕ್ಕೆ ಹೊದಿಸುವ ಕೆಂಪಂಚಿನ ಬಿಳಿ ವಸ್ತ್ರ, ಗಮೋಸಾ. ಹೊದಿಸಿ ಹೊದಿಸಿ, ಅಲ್ಲಿ ಮನುಷ್ಯನಿದ್ದಾನೆ ಎಂಬುದೇ ಗೊತ್ತಾಗದಂತಾಗಿತ್ತು. ಅಳುವವರೆಲ್ಲ ಅತ್ತು ಮುಗಿಸಿದ್ದರು. ಆದರೂ ಯಾರೂ ಮನೆಗೆ ಹೋಗಿರಲಿಲ್ಲ. ನಿರುಪಮಾಗೆ ಭಯವಾದದ್ದು ಅದಕ್ಕೇ.

ನಾದಿನಿ ಮಾಖನಿ ಸೆರಗು ಬಾಯಿಗೆ ಒತ್ತಿಕೊಂಡು ಓಡಿ ಬಂದಳು.

"ಥಾನು ಮನೆ ಬೇಲಿ ಕಿತ್ತುಹಾಕಿದ್ರಂತೆ ಅತ್ತಿಗೆ, ಡೋಲೂ ಒಡೆದ್ರಂತೆ. ಸಿಕ್ಕಿದ್ರೆ ಅವನನ್ನೂ ಇದೇ ಚಿತೆಗೆ ಹಾಕ್ತೀವಿ ಅಂತಿದ್ದಾರೆ."

"ಯಾರು ಅಂತಿರೋದು?"

"ಇನ್ಯಾರು? ಪವಿತ್ರ."

ಪವಿತ್ರ ಬಿಹು ಹಬ್ಬದ ಸಮಿತಿಯ ಕಾರ್ಯದರ್ಶಿ. ಹಬ್ಬದ ಚಪ್ಪರದಿಂದ ಹಿಡಿದು ಹೆಣದ ಬಿದಿರಿನವರೆಗೆ ಊರಿನಲ್ಲಿ ಎಲ್ಲದಕ್ಕೂ ಅವನೇ ಮುಂದು. ಈಗಲೂ ಅವನ ದನಿಯೇ ಎಲ್ಲರಿಗಿಂತ ಜೋರಾಗಿ ಕೇಳುತ್ತಿತ್ತು.

"ಎದೆನೋವಿನ ಮನುಷ್ಯ! ಅವರ ಎದುರಿಗೆ ಬಿಡದೆ ಡೋಲು ಬಾರಿಸಿದ್ದು ಯಾರು? ಡೋಲು ನಿಂತಿದ್ರೆ ಹಾಡೂ ನಿಲ್ತಿತ್ತು!"

"ನಿಲ್ತಿತ್ತು!" ಎಂದಿತು ಅಂಗಳ. ಅಷ್ಟು ಜನಕ್ಕೆ ಒಂದೇ ಗಂಟಲು ಇದ್ದ ಹಾಗಿತ್ತು.

*

ರತ್ನೇಶ್ವರ ಮೂವತ್ತು ವರ್ಷ ತೋಟದಲ್ಲಿ ಟೀ ಎಲೆ ತೂಗುವ ಗುಮಾಸ್ತನಾಗಿದ್ದ. ತೂಕವನ್ನೂ ರಾಗ ಹಾಕಿಯೇ ಕೂಗುತ್ತಿದ್ದ. ಎಲೆ ಕೀಳುವ ಹೆಂಗಸರು ಬೇರೆ ತಕ್ಕಡಿ ಖಾಲಿಯಿದ್ದರೂ ಅವನ ಸಾಲಿನಲ್ಲೇ ನಿಲ್ಲುತ್ತಿದ್ದರು. ಹುಳಿ ಹಾಕಿದ ಮೀನಿನ ಸಾರು ಕಂಡರೆ ಪ್ರಾಣ, ಕಪ್ಪೆ ಕಂಡರೆ ಪ್ರಾಣಭಯ. ಮದುವೆಗೆ ಕರೆದರೆ ಹೋದ, ನಾಮಕರಣಕ್ಕೆ ಕರೆದರೆ ಹೋದ, ಜ್ವರವಿದ್ದರೂ ಹೋದ. ಇಲ್ಲ ಎನ್ನುವ ಮಾತು ಅವನ ಬಾಯಿಗೆ ಬರುತ್ತಲೇ ಇರಲಿಲ್ಲ. ಅದನ್ನು ಜನ ಒಳ್ಳೆಯತನ ಅಂದರು. ನಿರುಪಮಾ ಮೊದಲು ಜಗಳವಾಡಿದಳು, ಆಮೇಲೆ ಅವಳಿಗೂ ಅದೇ ಹೆಮ್ಮೆಯಾಯಿತು.

ಥಾನು ಇಪ್ಪತ್ತಾರು ವರ್ಷ ಅವನ ಪಕ್ಕದಲ್ಲಿ ಡೋಲು ಬಾರಿಸಿದವನು. "ನಿಮ್ಮ ದನಿ ನಿಮ್ಮ ಸೈಕಲ್ ಥರಾನೇ ರತ್ನದಾ, ಇಳಿಜಾರಲ್ಲಿ ಮಾತ್ರ ಸಲೀಸು," ಎಂದು ಅವನೆದುರಿಗೇ ಹೇಳುವ ಧೈರ್ಯ ಇದ್ದದ್ದು ಅವನೊಬ್ಬನಿಗೇ.

ನಿನ್ನೆ ಮಧ್ಯಾಹ್ನ ಆಲದ ಮರದಡಿಯ ಬಯಲಿನಲ್ಲಿ ಬಿಹು. ಎರಡೇ ಹಾಡು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಆದರೆ ನಮ್ಮ ಕಡೆ ಒಂದು ರೂಢಿಯಿದೆ: ಹಾಡು ಮುಗಿಸಿ ನಿಂತ ಹಾಡುಗಾರನ ಕೊರಳಿಗೆ ಯಾರಾದರೂ ಗಮೋಸಾ ಹಾಕಿದರೆ ಅವನು ಇನ್ನೊಂದು ಹಾಡಬೇಕು. ಹಾಡದಿದ್ದರೆ ಬಡಿಸಿದ ಎಲೆಯನ್ನು ಬಿಟ್ಟು ಎದ್ದಂತೆ. ಎರಡು ಮುಗಿಯಿತು, ಗಮೋಸಾ ಬಂತು. ಮತ್ತೊಂದು ಬಂತು. ಒಂಬತ್ತನೆಯ ಗಮೋಸಾ ಬಿದ್ದಾಗ ಥಾನು ಡೋಲನ್ನು ಕೆಳಗಿಟ್ಟ.

"ಎತ್ಕೊಳೋ, ಮರ್ಯಾದೆ ತೆಗೀಬೇಡ," ಎಂದ ರತ್ನೇಶ್ವರ, ಬೆವರು ಒರೆಸಿಕೊಳ್ಳುತ್ತ.

ಹದಿನಾರನೆಯದರ ಹಾಡು ಮುಗಿದಾಗ ಥಾನು ಮತ್ತೆ ಇಟ್ಟ. ಜನ ಸಿಳ್ಳೆ ಹಾಕಿ ಬೈದರು. ಪವಿತ್ರ ಎದ್ದು ಬಂದು ಡೋಲನ್ನು ತಾನೇ ಎತ್ತಿ ಥಾನುವಿನ ಕೊರಳಿಗೆ ತೂಗುಹಾಕಿದ. ಆಮೇಲೆ ರತ್ನೇಶ್ವರನ ಕೊರಳಿಗೆ ತನ್ನ ಗಮೋಸಾ ಹಾಕಿ ಕಾಲಿಗೆ ನಮಸ್ಕರಿಸಿದ. ಅರ್ಧ ಸಾಲಿಗೆ ಹಾಡುಗಾರ ಕುಸಿದು ಕೂತ. ಅದೂ ಆಟವೇ ಇರಬೇಕೆಂದು ಜನ ಚಪ್ಪಾಳೆ ತಟ್ಟಿದರು.

*

"ಚಟ್ಟ ಎತ್ತೋಣ. ಹೊತ್ತಾಯ್ತು," ಎಂದರು ಹಿರಿಯರು. ಅಳಿಯಂದಿರಿಬ್ಬರು ಹೆಗಲು ಕೊಡಲು ಬಂದು ನಿಂತರು.

ನಿರುಪಮಾ ಚಿಲಕ ತೆಗೆದಳು. ಥಾನುವಿನ ಮಣಿಕಟ್ಟು ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದಳು. ಅವನನ್ನು ಕಂಡದ್ದೇ ಜನ ಮುಂದಕ್ಕೆ ಒತ್ತಿಕೊಂಡು ಬಂದರು. ಕೆಲವರ ಕೈಯಲ್ಲಿ ಬೇಲಿಯ ಬಿದಿರು ಹಾಗೇ ಇತ್ತು.

"ಇವನು ಹೆಗಲು ಕೊಡ್ತಾನೆ," ಎಂದಳು. "ಎರಡು ಸಲ ಡೋಲು ಕೆಳಗಿಟ್ಟಿದ್ದು ಇವನೊಬ್ಬನೇ. ನೀವು ಏನು ಮಾಡಿದ್ರಿ? ನಾನೇನು ಮಾಡಿದೆ? ಬೆರಳು ಮಡಚಿ ಎಣಿಸ್ತಾ ಕೂತಿದ್ದೆ. ಹೋದ ವರ್ಷ ಆಚೆ ದಂಡೆ ಹಾಡುಗಾರನಿಗೆ ಹದಿನೈದು ಬಂದಿತ್ತು. ನನ್ನ ಗಂಡಂಗೆ ಹದಿನೇಳು ಬಂದಾಗ ಮಾಖನಿನ ತಿವಿದು ನಕ್ಕೆ. ನನ್ನನ್ನೂ ಹಾಕಿ ಚಿತೆಗೆ!"

ಆಗ ಅವಳಿಗೆ ಅಳು ಬಂತು. ಜನ ತಲೆ ತಗ್ಗಿಸಿದರು. ಬಿದಿರುಗಳು ಒಂದೊಂದಾಗಿ ಕೆಳಗಿಳಿದವು. ಥಾನು ಚಟ್ಟದ ಬಳಿ ಹೋಗಿ ಮೊಣಕಾಲೂರಿ ಕೂತ. ಗೆದ್ದೆ ಎಂದುಕೊಂಡಳು ನಿರುಪಮಾ.

ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ ಕೇಳಿದರು: "ಹದಿನೇಳನೇದು ಯಾರು ಹಾಕಿದ್ದು?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಒಬ್ಬೊಬ್ಬರಾಗಿ ತಿರುಗಿದರು. ಪವಿತ್ರನ ಸುತ್ತ ನಿಂತಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಕೆಳಗಿಳಿದಿದ್ದ ಒಂದು ಬಿದಿರು ಮತ್ತೆ ಮೇಲೆದ್ದಿತು.

"ನಾನು... ಪ್ರೀತಿಯಿಂದ ಹಾಕಿದ್ದು," ಎಂದ ಪವಿತ್ರ. ಅಷ್ಟು ಜೋರಿನ ದನಿ ಎಲ್ಲಿ ಹೋಗಿತ್ತೋ.

ತನ್ನ ಬಾಯಿಂದ ಏನು ಹೊರಟಿತೆಂದು ನಿರುಪಮಾಗೆ ಆಗ ಹೊಳೆಯಿತು. ಹೆಣ ಹೊತ್ತವನ ಮೈಮೇಲೆ ಯಾರೂ ಕೈಮಾಡುವುದಿಲ್ಲ, ಅಷ್ಟೇ ಅವಳಿಗೆ ತೋಚಿದ್ದು.

"ಪವಿತ್ರ!" ಎಂದು ಕಿರುಚಿದಳು. "ನಾಲ್ಕನೇ ಹೆಗಲು ನಿಂದು. ಬಾರೋ, ಬೇಗ ಬಾ!"

ಅವನು ಓಡಿಬಂದು ಬಿದಿರಿಗೆ ಹೆಗಲು ಕೊಟ್ಟ. ಚಟ್ಟ ಎದ್ದಿತು. ಯಾರೂ ಹಾಡಲಿಲ್ಲ. ದೇವರ ನಾಮ ಎತ್ತಿಕೊಟ್ಟ ಮುದುಕರ ಜೊತೆ ಯಾರೂ ದನಿ ಸೇರಿಸಲಿಲ್ಲ. ಸಾವಿರಾರು ಕಾಲುಗಳ ಸದ್ದು ಮಾತ್ರ ಹಿಂದೆ ಹೋಯಿತು.

ಹೆಂಗಸರು ಏರಿಯ ಮೇಲೆ ನಿಂತರು. ಅಲ್ಲಿಂದ ನದಿಯವರೆಗೂ ಕಾಣುತ್ತದೆ. ಪುಣ್ಯ ಎಲ್ಲರಿಗೂ ಸಿಗಲೆಂದು ದಾರಿಯಲ್ಲಿ ಹೆಗಲು ಬದಲಾಗುತ್ತಲೇ ಇರುತ್ತದೆ. ಅಳಿಯಂದಿರು ಬದಲಾದರು. ಥಾನು ಬೇರೆಯವನಿಗೆ ಬಿಟ್ಟುಕೊಟ್ಟು ಪಕ್ಕಕ್ಕೆ ಬಂದು ಬಿಕ್ಕಿ ಬಿಕ್ಕಿ ಅತ್ತ. ಯಾರೋ ಅವನ ಬೆನ್ನು ಸವರಿದರು.

ಪವಿತ್ರನ ಹತ್ತಿರವೂ ಜನ ಹೋದರು. ಒಬ್ಬ ಹೋದ, ಆಮೇಲೆ ಇನ್ನೊಬ್ಬ, ಆಮೇಲೆ ಮೂವರು ಒಟ್ಟಿಗೆ. ಅವನು ಪ್ರತಿ ಸಲವೂ ತಲೆ ಆಡಿಸಿದ.

"ಅವನ್ಯಾಕೆ ಹೆಗಲು ಬಿಡ್ತಿಲ್ಲ ಅತ್ತಿಗೆ?" ಎಂದಳು ಮಾಖನಿ.

ಅವನ ಹಿಂದೆ ಹೋಗುತ್ತಿದ್ದ ಬೇಲಿಯ ಬಿದಿರುಗಳನ್ನು ನಿರುಪಮಾ ಎಣಿಸತೊಡಗಿದಳು.

ನದಿಯಂಚಿನಲ್ಲಿ ಒಟ್ಟಿದ ಸೌದೆಯ ಮುಂದೆ ಚಟ್ಟ ನಿಂತಿತು. ಜನ ಸುತ್ತಲೂ ಒತ್ತಾಗಿ ಕೂಡಿಕೊಂಡರು. ಮೂರು ಮೂಲೆಗಳು ನೆಲಕ್ಕಿಳಿದವು. ನಾಲ್ಕನೆಯದನ್ನು ಪವಿತ್ರ ಎರಡೂ ಕೈಯಿಂದ ಅವುಚಿ ಇನ್ನೂ ಹೆಗಲ ಮೇಲೇ ಹಿಡಿದುಕೊಂಡಿದ್ದ.