ಯಾವಳು ಗಟ್ಟಿ

“ಮೇಡಂ, ಈ ಪುಸ್ತಕ ಮೋಸ,” ಎನ್ನುತ್ತಾ ಔಷಧಿ ಅಂಗಡಿಯವರ ಸೊಸೆ ದಪ್ಪ ಕಾದಂಬರಿಯೊಂದನ್ನು ಮೇಜಿನ ಮೇಲೆ ಇಟ್ಟಳು. ಇಟ್ಟಳು ಎನ್ನುವುದಕ್ಕಿಂತ ಕುಕ್ಕಿದಳು ಎನ್ನಬೇಕು. ಮೂಲೆಯಲ್ಲಿ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ತೂಕಡಿಸುತ್ತಿದ್ದ ನಿವೃತ್ತ ಗುಮಾಸ್ತರು ಬೆಚ್ಚಿ, ಏನೂ ಆಗದವರಂತೆ ಪುಟ ಮಗುಚಿದರು.

ಗ್ರಂಥಪಾಲಕಿಗೆ ನಗು ಬಂತು. “ನೀನೇ ತಾನೇ ದೆವ್ವದ ಬಂಗಲೆ ಕಥೆ ಬೇಕು ಅಂದಿದ್ದು?”

“ದೆವ್ವ ಎಲ್ಲಿದೆ ಮೇಡಂ ಇದರಲ್ಲಿ? ಎಲ್ಲಾ ಮನುಷ್ಯರೇ.”

ಅವಳು ನಿಂತಲ್ಲೇ ಕಥೆ ಬಿಚ್ಚಿದಳು. ಸಮುದ್ರದ ದಂಡೆಯಲ್ಲಿ ಹಳೆಯ ಬಂಗಲೆ. ಹಳೆಯ ಪತ್ರಗಳನ್ನು ಜೋಡಿಸಿಡುವ ಕೆಲಸಕ್ಕೆಂದು ಅಲ್ಲಿಗೆ ಬರುವ ಬಡ ಹುಡುಗಿ. ಬಂಗಲೆಯ ಯಜಮಾನ ತನ್ನ ಒಡಹುಟ್ಟಿದ ತಂಗಿಯನ್ನೇ ಸತ್ತಳೆಂದು ಊರಿಗೆಲ್ಲ ನಂಬಿಸಿ ಉತ್ತರದ ಕೋಣೆಯಲ್ಲಿ ಕೂಡಿಹಾಕಿದ್ದಾನೆ. ಹುಡುಗಿ ಕೀಲಿ ಕದ್ದು, ದೀಪ ಹಿಡಿದು, ಒಬ್ಬಳೇ ಹೋಗಿ ಬಾಗಿಲು ತೆಗೆಯುತ್ತಾಳೆ.

“ಅಲ್ಲೀತನಕ ಉಸಿರು ಬಿಗಿಹಿಡಿದು ಓದಿದೆ. ಆಮೇಲೆ ನೋಡಿದ್ರೆ ಆ ತಂಗಿ ಮೆಟ್ಟಿಲಿಂದ ಬಿದ್ದು ಸಾಯ್ತಾಳೆ, ಇವಳು ಆ ಯಜಮಾನನ್ನೇ ಕಟ್ಕೋತಾಳೆ! ಹಿಂದಿನ ರಟ್ಟಿನ ಮೇಲೆ ‘ಗಟ್ಟಿಗಿತ್ತಿ ನಾಯಕಿ’ ಅಂತ ಬೇರೆ ಹಾಕಿದ್ದಾರೆ.”

“ಆ ಕಾಲಕ್ಕೆ ಹೆಣ್ಣುಮಗಳೊಬ್ಬಳು ಅಷ್ಟು ಮಾಡಿದ್ದೇ ಹೆಚ್ಚು ಕಣಮ್ಮ.”

“ಯಾವಳು ಗಟ್ಟಿ ಮೇಡಂ? ಒಂದು ರಾತ್ರಿ ಕೀಲಿ ಕದ್ದೋಳಾ, ಹದಿನಾಲ್ಕು ವರ್ಷ ಆ ಕೋಣೇಲಿ ಬುದ್ಧಿ ಕೆಡದ ಹಾಗೆ ಬದುಕಿದೋಳಾ? ಅವಳಿಗೆ ಇಡೀ ಪುಸ್ತಕದಲ್ಲಿ ಒಂದೇ ಒಂದು ಮಾತಿಲ್ಲ, ನೋಡಿ ಬೇಕಾದ್ರೆ.”

ಗ್ರಂಥಪಾಲಕಿ ಆ ಕಾದಂಬರಿಯನ್ನು ಮೂರು ಸಲ ಓದಿದ್ದಳು. ಆ ತಂಗಿಗೆ ಮಾತಿಲ್ಲ ಎಂಬುದು ಒಮ್ಮೆಯೂ ಅವಳ ಗಮನಕ್ಕೆ ಬಂದಿರಲಿಲ್ಲ.

ಸೊಸೆ ಮೊದಲ ಸಲ ಬಂದದ್ದು ಎರಡು ವರ್ಷದ ಹಿಂದೆ, ಔಷಧಿ ಕಟ್ಟಿಕೊಡಲು ರದ್ದಿ ಪತ್ರಿಕೆ ಸಿಗುತ್ತದೆಯೇ ಎಂದು ಕೇಳಿಕೊಂಡು. ಕಾಲೇಜು ಅರ್ಧಕ್ಕೆ ಬಿಡಿಸಿ ಮದುವೆ ಮಾಡಿದ್ದರಂತೆ. ರದ್ದಿಯ ಜೊತೆಗೆ ಒಂದು ಪುಸ್ತಕವನ್ನೂ ಒಯ್ದವಳು, ಆಮೇಲೆ ರದ್ದಿಯನ್ನು ಮರೆತಳು. ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಅತ್ತೆ ಮಲಗುವ ಹೊತ್ತಿಗೆ ರಸ್ತೆ ದಾಟಿ ಬರುತ್ತಿದ್ದಳು. ಉಳಿದವರೆಲ್ಲ ಪತ್ರಿಕೆಗೆ, ಪರೀಕ್ಷೆಯ ಗೈಡುಗಳಿಗೆ, ಇಲ್ಲವೇ ಫ್ಯಾನಿನ ಗಾಳಿಗೆ ಬರುವವರು. ಮೂವತ್ತು ವರ್ಷ ಪುಸ್ತಕಗಳ ಬೆನ್ನು ಒರೆಸಿ, ಇನ್ನೆಂಟು ತಿಂಗಳಿಗೆ ನಿವೃತ್ತಿಯಾಗಲಿದ್ದ ಗ್ರಂಥಪಾಲಕಿಗೆ ಕೊನೆಗೂ ಪುಸ್ತಕದ ಜೊತೆ ಜಗಳವಾಡುವ ಒಬ್ಬಳು ಸಿಕ್ಕಿದ್ದಳು. ‘ನನ್ನ ಹುಡುಗಿ’ ಎಂದು ಮನಸ್ಸಿನಲ್ಲೇ ಹೆಮ್ಮೆಪಡುತ್ತಿದ್ದಳು.

ಆ ಹೆಮ್ಮೆಯಿಂದಲೇ ಎಲ್ಲ ಶುರುವಾದದ್ದು.

ವರ್ಷಕ್ಕೊಂದು ಉಪನ್ಯಾಸ ಏರ್ಪಡಿಸಬೇಕೆಂದು ಮೇಲಿನಿಂದ ಆದೇಶವಿತ್ತು. ಈ ಸಲ ಗ್ರಂಥಪಾಲಕಿ ಕಾಲೇಜಿನ ಪ್ರೊಫೆಸರಮ್ಮನನ್ನು ಕರೆಸಿದಳು. ವಿಷಯ, ‘ಹಳೆಯ ಭಯಾನಕ ಕಾದಂಬರಿಗಳಲ್ಲಿ ದಿಟ್ಟ ಮಹಿಳೆಯರು.’ ಹದಿನೇಳು ಜನ ಸೇರಿದ್ದರು, ಚಹಾಕ್ಕೆ ಬಂದವರೂ ಸೇರಿ. ಪ್ರೊಫೆಸರಮ್ಮ ಮುಕ್ಕಾಲು ಗಂಟೆ ಮಾತಾಡಿದರು. ಬಂಗಲೆ ಎಂದರೆ ಗಂಡಿನ ಅಧಿಕಾರ, ದೀಪ ಎಂದರೆ ಹೆಣ್ಣಿನ ಅರಿವು, ಹೀಗೆ. ಗುಮಾಸ್ತರು ಎರಡು ಸಲ ಗೊರಕೆ ಹೊಡೆದರು. ಕೊನೆಗೆ ಗ್ರಂಥಪಾಲಕಿ, “ನಮ್ಮ ಓದುಗರೊಬ್ಬರು ಎರಡು ಮಾತಾಡ್ತಾರೆ” ಎಂದು ಸೊಸೆಯನ್ನು ಮುಂದೆ ತಳ್ಳಿದಳು.

ಅವಳು ಮೊದಲು ತಡವರಿಸಿದಳು. ಆಮೇಲೆ ಆ ತಂಗಿಯ ಮಾತು ಬಂತು ನೋಡಿ, ಧ್ವನಿ ಬಿಚ್ಚಿಕೊಂಡಿತು. “ಯಾವಳು ಗಟ್ಟಿ, ನೀವೇ ಹೇಳಿ? ಕೂಡಿಹಾಕೋಕೆ ಬಂಗಲೇನೇ ಬೇಕು ಅಂತಿಲ್ಲ. ನಮ್ಮ ಮನೇಲಿ ಮಹಡಿ ಬಾಗಿಲಿನ ಕೀಲಿ ನಮ್ಮತ್ತೆ ಹತ್ರ ಇರುತ್ತೆ. ಒಂದ್ಸಲ ಮೇಲೆ ಕೂತು ಓದ್ತಾ ಇದ್ದೆ, ಕೆಳಗೆ ಹಾಲು ಉಕ್ಕಿಹೋಯ್ತು. ಅವತ್ತಿಂದ ಬೀಗ. ಬಟ್ಟೆ ಒಣಹಾಕೋಕೂ ಕೇಳಿ ಇಸ್ಕೋಬೇಕು.” ಎಲ್ಲರೂ ನಕ್ಕರು. ಅವಳೂ ನಕ್ಕಳು. “ಆದ್ರೆ ನನ್ನ ಬಗ್ಗೆ ಯಾರೂ ಕಾದಂಬರಿ ಬರೆಯಲ್ಲ ಬಿಡಿ. ಹಾಲು ಉಕ್ಕಿದ್ದಕ್ಕೆಲ್ಲ ಯಾರು ಬರೀತಾರೆ?”

ಆ ಸಂಜೆ ಅವಳು ರಸ್ತೆ ದಾಟಿದ್ದು ಓಡಿಕೊಂಡು, ಸ್ಕೂಲಿನಲ್ಲಿ ಬಹುಮಾನ ಬಂದ ಹುಡುಗಿಯ ಹಾಗೆ.

ಎರಡು ದಿನ ಬಿಟ್ಟು ಪ್ರೊಫೆಸರಮ್ಮನ ಫೋನು ಬಂತು. “ಆ ಹುಡುಗಿ ಯಾರ್ರೀ? ಅದ್ಭುತವಾಗಿ ಮಾತಾಡಿದ್ಳು.” ಗ್ರಂಥಪಾಲಕಿ ಉಬ್ಬಿಹೋದಳು. ಎದುರಿನ ಔಷಧಿ ಅಂಗಡಿಯವರ ಸೊಸೆಯೆಂದೂ, ಅತ್ತೆ ಬಲು ಜೋರೆಂದೂ, ಪುಸ್ತಕವನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು ಓದುತ್ತಾಳೆಂದೂ ಹೇಳಿದಳು. ಹುಡುಗಿ ಗುಟ್ಟಾಗಿ ಹೇಳಿದ್ದ ಮಾತು ಅದು. ಬಾಯಿಗೆ ಬೀಗವಿಲ್ಲದವಳಲ್ಲ ಗ್ರಂಥಪಾಲಕಿ. ಆದರೆ ಅಷ್ಟು ಓದಿದವರು ಅಷ್ಟು ಆಸ್ಥೆಯಿಂದ ಕೇಳುವಾಗ ಹೇಳದೆ ಇರುವುದು ಹೇಗೆ?

ಭಾನುವಾರದ ಪುರವಣಿಯಲ್ಲಿ ಅರ್ಧ ಪುಟದ ಲೇಖನ ಬಂತು. ಪ್ರೊಫೆಸರಮ್ಮನ ಭಾವಚಿತ್ರ ಕಿಟಕಿಯ ಕಡೆ ನೋಡುತ್ತಿತ್ತು. ‘ಯಾವಳು ಗಟ್ಟಿ?’ ಎಂದೇ ತಲೆಬರಹ. ಆ ಪ್ರಶ್ನೆ ತಮ್ಮನ್ನು ಬಹುಕಾಲದಿಂದ ಕಾಡುತ್ತಿದೆ ಎಂದು ಅವರು ಬರೆದಿದ್ದರು. ಕೆಳಗೆ, ಉದಾಹರಣೆಗೆಂದು, ‘ಗ್ರಂಥಾಲಯದ ಎದುರಿನ ಔಷಧಿ ಅಂಗಡಿಯ ಸೊಸೆ.’ ಅತ್ತೆಯ ಕೀಲಿ, ಉಕ್ಕಿದ ಹಾಲು, ಅಕ್ಕಿ ಡಬ್ಬ. ಹೆಸರೊಂದು ಬಿಟ್ಟು ಎಲ್ಲವೂ ಇತ್ತು.

ಅಕ್ಕಿ ಡಬ್ಬದ ಸಾಲಿಗೆ ಬಂದಾಗ ಗ್ರಂಥಪಾಲಕಿ ಅಳುಕಿ, ಅದನ್ನು ಮತ್ತೊಮ್ಮೆ ಓದಿದಳು. ಆದರೂ ತನ್ನ ಗ್ರಂಥಾಲಯದ ಮಾತನ್ನು ಅಚ್ಚಿನಲ್ಲಿ ನೋಡಿದ ಖುಷಿ ಆ ಅಳುಕನ್ನು ಅದುಮಿತು. ಸೋಮವಾರ ಬೆಳಿಗ್ಗೆ ಲೇಖನವನ್ನು ಕತ್ತರಿಸಿ, ನಾಲ್ಕು ಮೂಲೆಗೂ ಪಿನ್ನು ಚುಚ್ಚಿ, ಸೂಚನಾ ಫಲಕಕ್ಕೆ ಹಾಕಿದಳು.

ಬುಧವಾರ ಬಂದದ್ದು ಸೊಸೆಯಲ್ಲ, ಅವಳ ಗಂಡ. ಮೆತ್ತಗಿನ ಮನುಷ್ಯ, ಗಿರಾಕಿಗಳೊಡನೆ ಮಾತಾಡಿ ಮಾತಾಡಿ ದನಿ ಏರಿಸುವುದನ್ನೇ ಮರೆತವನು. ಫಲಕದ ಮುಂದೆ ನಿಂತು ಇಡೀ ಲೇಖನವನ್ನು ಓದಿದ. ಆಮೇಲೆ ಮೇಜಿನ ಹತ್ತಿರ ಬಂದು ಎರಡು ಪುಸ್ತಕಗಳನ್ನು ಇಟ್ಟ. ಅವುಗಳ ಮೇಲೆ ಒಂದು ಹಾಳೆ.

“ನಮ್ಮಮ್ಮ ಎರಡು ದಿನದಿಂದ ಊಟ ಮಾಡಿಲ್ಲ ಮೇಡಂ. ಕೆಮ್ಮಿನ ಔಷಧಿಗೆ ಬರೋರೂ ‘ಕೀಲಿ ಎಲ್ಲಿ’ ಅಂತ ಕೇಳಿ ನಗ್ತಾರೆ. ನಾನು ಅವಳನ್ನ ಹೊಡೆಯೋನಲ್ಲ, ಬಡಿಯೋನಲ್ಲ. ಬೇಕಾದ್ರೆ ಕೇಳಿ.”

“ಇಲ್ಲ, ಹಾಗೆ ಯಾರೂ...”

“ಸದಸ್ಯರ ಪಟ್ಟಿಯಿಂದ ಅವಳ ಹೆಸರು ತೆಗೆದುಬಿಡಿ. ಅರ್ಜಿ ಇದೆ, ಅವಳದ್ದೇ ಸೈನು.” ಅವನು ಸ್ವಲ್ಪ ಬಗ್ಗಿದ. “ಮೇಲಿನವರಿಗೆ ಬರೆಯೋಣ ಅಂತಿದ್ದೆ. ನಿಮ್ಮ ರಿಟೈರ್‌ಮೆಂಟು ಹತ್ರ ಇದೆಯಂತಲ್ಲ, ಯಾಕೆ ಪಾಪ ಅಂತ ಸುಮ್ಮನಾದೆ.”

ಅರ್ಜಿಯ ಅಕ್ಷರ ಗಂಡನದು, ಕೆಳಗಿನ ಸಹಿ ಅವಳದು. ಸದಸ್ಯತ್ವ ರದ್ದಾಗಬೇಕಾದರೆ ಸದಸ್ಯರೇ ಖುದ್ದಾಗಿ ಬರಬೇಕು. ಆ ನಿಯಮ ಗೋಡೆಯ ಮೇಲೆ, ಗ್ರಂಥಪಾಲಕಿಯ ತಲೆಯ ಹಿಂದೆಯೇ, ಚೌಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ಮೂವತ್ತು ವರ್ಷದಲ್ಲಿ ಎಷ್ಟೋ ಜನರನ್ನು ಆ ನಿಯಮ ತೋರಿಸಿ ಅವಳು ವಾಪಸು ಕಳಿಸಿದ್ದಳು. “ಅವರನ್ನೇ ಕಳಿಸಿ” ಎಂದರೆ ಮುಗಿಯಿತು. ಎರಡು ಪದ. ಅವನು ಮೇಜಿನ ಅಂಚು ಹಿಡಿದು ತಾಳ್ಮೆಯಿಂದ ನಿಂತಿದ್ದ. ಗ್ರಂಥಪಾಲಕಿ ಮೊಹರನ್ನು ಶಾಯಿಗೆ ಒತ್ತಿದಳು. ಶಾಯಿ ಒಣಗಿತ್ತು, ಇನ್ನೊಮ್ಮೆ ಒತ್ತಬೇಕಾಯಿತು. ‘ರದ್ದು’ ಎಂದು ಮೂಡಿತು.

“ಥ್ಯಾಂಕ್ಸ್ ಮೇಡಂ,” ಎಂದು ಅವನು ಕೈಮುಗಿದು ಹೋದ.

ಅವಳು ಪ್ರೊಫೆಸರಮ್ಮನಿಗೆ ಫೋನು ಮಾಡಿದಳು. “ಅಯ್ಯೋ, ಹೆಸರು ಹಾಕಿಲ್ವಲ್ರೀ!” ಎಂದರು ಅವರು. “ಎಂಥ ಜನ ಇರ್ತಾರೆ ನೋಡಿ. ಇದನ್ನೇ ನಾನು ಹೇಳೋದು.” ಸ್ವಲ್ಪ ಹೊತ್ತು ಮರುಗಿದರು. ಆಮೇಲೆ, ಆ ಲೇಖನ ಓದಿ ಬೇರೆ ಊರಿನವರೂ ಉಪನ್ಯಾಸಕ್ಕೆ ಕರೆದಿದ್ದಾರೆ ಎಂದರು. ಗ್ರಂಥಪಾಲಕಿ “ಒಳ್ಳೇದಾಯ್ತು” ಎಂದಳು.

ತಿಂಗಳು ಕಳೆಯಿತು. ಸೊಸೆ ಈಗ ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯ ಕಟ್ಟೆಯ ಹಿಂದೆ ಇರುತ್ತಾಳೆಂದು ಗುಮಾಸ್ತರು ಸುದ್ದಿ ತಂದರು. “ಚುರುಕಿದ್ದಾಳೆ, ಎರಡಾಳಿನ ಕೆಲಸ ಮಾಡ್ತಾಳೆ,” ಎಂದು ಮೆಚ್ಚಿದರು. ಗ್ರಂಥಪಾಲಕಿ ಬಿ.ಪಿ. ಮಾತ್ರೆಯನ್ನು ಬಸ್ ನಿಲ್ದಾಣದ ಅಂಗಡಿಯಿಂದ ತರುತ್ತಿದ್ದಳು. ಕಿಟಕಿಯಿಂದ ಎದುರಿನ ಅಂಗಡಿ ಕಾಣದಂತೆ ಕುರ್ಚಿಯನ್ನೂ ತಿರುಗಿಸಿಕೊಂಡಿದ್ದಳು. ಒಂದು ಮಧ್ಯಾಹ್ನ, ತನ್ನ ಮೇಲೆ ತನಗೇ ಹೇಸಿಗೆಯಾಗಿ, ಎದ್ದು ರಸ್ತೆ ದಾಟಿದಳು.

ಒಳಗೆ ಗೋಡೆಗೊರಗಿದ ಸ್ಟೂಲಿನ ಮೇಲೆ ಅತ್ತೆ ಕೂತಿದ್ದರು. ಲೇಖನದಲ್ಲಿ ಕಂಡಷ್ಟು ದೊಡ್ಡವರಾಗಿರಲಿಲ್ಲ. ಕಾಲು ಊದಿದ, ನಿದ್ದೆಗೆಟ್ಟ ಮುದುಕಿ. ಕಣ್ಣು ಮಾತ್ರ ಕಟ್ಟೆಯ ಮೇಲಿತ್ತು.

“ಎಷ್ಟು ಮಾತ್ರೆ ಮೇಡಂ?” ಸೊಸೆ ಚೀಟಿ ತೆಗೆದುಕೊಂಡಳು.

“ಹತ್ತು ಸಾಕು. ಹೇಗಿದ್ದೀಯಮ್ಮ?”

“ಚೆನ್ನಾಗಿದ್ದೀನಿ.”

ಗ್ರಂಥಪಾಲಕಿ ದನಿ ತಗ್ಗಿಸಿದಳು. “ಹೊಸ ಪುಸ್ತಕ ಬಂದಿವೆ. ನನ್ನ ಹೆಸರಲ್ಲಿ ತೆಗೆದು ನಾನೇ ತಂದುಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ.”

“ಬೇಡ.” ಅವಳು ಕತ್ತರಿಯಿಂದ ಮಾತ್ರೆಯ ಪಟ್ಟಿಯನ್ನು ಅಳತೆಗೆ ಕತ್ತರಿಸಿದಳು. ತಲೆ ಎತ್ತದೆ, ಔಷಧಿ ಯಾವಾಗ ತೆಗೆದುಕೊಳ್ಳಬೇಕೆಂದು ಹೇಳುವ ದನಿಯಲ್ಲೇ ಹೇಳಿದಳು: “ಆ ಅರ್ಜಿಗೆ ಸೈನ್ ಹಾಕುವಾಗ ನನಗೆ ಭಯ ಇರ್ಲಿಲ್ಲ ಮೇಡಂ. ಇವರಿಗೆ ನಿಮ್ಮ ನಿಯಮ ಗೊತ್ತಿಲ್ಲ, ನನಗೆ ಗೊತ್ತು. ಮೇಡಂ ಒಪ್ಪಲ್ಲ, ಅವಳನ್ನೇ ಕಳಿಸಿ ಅಂತಾರೆ, ಆಗ ನಾನು ಬಂದು ಎಲ್ಲರೆದುರು ನನ್ನ ಹೆಸರು ತೆಗೀಬೇಡಿ ಅಂತೀನಿ ಅಂದ್ಕೊಂಡೆ. ಏನು ಹೇಳ್ಬೇಕು ಅಂತಾನೂ ಯೋಚ್ನೆ ಮಾಡಿಟ್ಟಿದ್ದೆ. ತಲೆ ಬಾಚ್ಕೊಂಡು, ಬೇರೆ ಬಟ್ಟೆ ಉಟ್ಕೊಂಡು ಕೂತಿದ್ದೆ.”

ಗ್ರಂಥಪಾಲಕಿ ಕಟ್ಟೆಯ ಮೇಲೆ ಬಗ್ಗಿದಳು. “ನನ್ನಿಂದ...”

“ಅಕ್ಕಿ ಡಬ್ಬದ ವಿಷಯ ನಿಮಗೊಬ್ರಿಗೇ ಹೇಳಿದ್ದೆ.” ಅವಳು ಮಾತ್ರೆಗಳನ್ನು ಲಕೋಟೆಗೆ ಹಾಕಿ, ಮೇಲೆ ಪೆನ್ನಿನಿಂದ ಗುರುತು ಮಾಡಿ, ಕಟ್ಟೆಯ ಮೇಲೆ ಸರಿಸಿದಳು. “ಬೆಳಿಗ್ಗೆ ಒಂದು. ತಿಂಡಿ ಆದ್ಮೇಲೆ.”

“ಯಾರೇ ಅದು?” ಎಂದರು ಅತ್ತೆ ಒಳಗಿನಿಂದ.

“ಗಿರಾಕಿ, ಅತ್ತೆ.”

ಹಿಂದೆ ನಿಂತಿದ್ದ ಯಾರೋ ಗ್ರಂಥಪಾಲಕಿಯ ಭುಜದ ಪಕ್ಕದಿಂದ ಕೈ ಚಾಚಿ ವೈದ್ಯರ ಚೀಟಿ ಕೊಟ್ಟರು. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿತ್ತು. ಸೊಸೆ ಅದನ್ನು ಬಾಗಿಲಿನ ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, ತುಟಿ ಅಲುಗಿಸುತ್ತಾ ಒಂದೊಂದೇ ಸಾಲು ಓದತೊಡಗಿದಳು.