ಕಾರಿಡಾರಿನ ಕೊನೆಯ ಕೋಣೆ

ಮಕ್ಕಳ ಕುರ್ಚಿ ಇದು, ಮೊಣಕಾಲು ಎದೆಗೆ ಬರುತ್ತದೆ, ಎದ್ದು ನಿಲ್ಲಲೇ, ನಿಂತರೆ ಟೀಚರು ಏನಂದುಕೊಂಡಾರು, ಬಾಗಿಲಿನ ಗಾಜಿನಾಚೆ ನನ್ನ ಮಗಳ ಜಡೆ ಮಾತ್ರ ಕಾಣುತ್ತಿದೆ, ಎದುರಿಗೆ ಪರೀಕ್ಷೆ ಮಾಡುವ ಹೆಂಗಸು ಒಂದೊಂದೇ ಚಿತ್ರ ಎತ್ತಿ ಹಿಡಿಯುತ್ತಾಳೆ — ಕೊಡೆ, ಅದು ಕೊಡೆ ಕಣೇ, ಹೇಳೇ — ಹೇಳುವುದಿಲ್ಲ, ಜಡೆ ಅಲುಗುವುದೂ ಇಲ್ಲ. ಮನೆಯಲ್ಲಿ ಇವಳ ಬಾಯಿಗೆ ಬೀಗವಿಲ್ಲ, ಚಿನಕುರಳಿ ಅಂತಲೇ ಕರೆಯುವುದು, ನಿನ್ನೆ ತಲೆಗೆ ಸೋಪು ಹಚ್ಚುತ್ತಿದ್ದರೆ ಅಮ್ಮಾ, ನೊರೆಗೆ ಮೂಳೆ ಇರತ್ತಾ ಅಂದಳು, ಇಂಥದ್ದು ಕೇಳುವವಳ ಬುದ್ಧಿ ನಿಧಾನವೇ, ಆದರೆ ಈ ದೇಶಕ್ಕೆ ಬಂದಾಗಿನಿಂದ ಶಾಲೆಯಲ್ಲಿ ತುಟಿ ಬಿಚ್ಚಿಲ್ಲವಂತೆ. ಟೀಚರು ಅಕ್ಕರೆಯಿಂದಲೇ ಹೇಳಿದರು, ನೋಡಮ್ಮ, ನಿಮ್ಮ ಕಡೆ ಮಕ್ಕಳಲ್ಲಿ ಇದು ಜಾಸ್ತಿ, ಬೇಜಾರು ಮಾಡ್ಕೋಬೇಡಿ, ನಿಧಾನ ಕಲಿಯೋ ಮಕ್ಕಳ ಆ ಕೊನೇ ರೂಮಲ್ಲಿ ಅವಳಿಗೆ ಆರಾಮಾಗಿರತ್ತೆ. ನಮ್ಮ ಕಡೆ ಮಕ್ಕಳು. ಆಟದ ಬಯಲಲ್ಲಿ ಇಲ್ಲಿಯ ಮಕ್ಕಳು ಬೆರಳಿಗೆ ಎಂಜಲು ಹಚ್ಚಿ ಇವಳ ತೋಳು ಉಜ್ಜಿ ನೋಡಿದರಂತೆ, ಬಣ್ಣ ಬಿಡುತ್ತದೋ ಅಂತ. ಬರುವಾಗ ಆ ಕೋಣೆಯನ್ನು ಇಣುಕಿ ನೋಡಿದೆ, ಗಾಲಿಕುರ್ಚಿಯ ಹುಡುಗನೊಬ್ಬ ಎಷ್ಟು ಚೆಂದ ನಗುತ್ತಿದ್ದ, ಕಾಲು ಬರದಿದ್ದರೆ ಲೆಕ್ಕ ಬರಬಾರದೇ, ಅವನನ್ನೇಕೆ ಅಲ್ಲಿ ಕೂಡಿಸಿದ್ದಾರೆ, ಉಳಿದವರೆಲ್ಲ ನನ್ನ ಬಣ್ಣದವರು, ತಲೆ ತಗ್ಗಿಸಿ ಮಣಿ ಪೋಣಿಸುತ್ತಿದ್ದರು. ನನ್ನ ಜೊತೆ ಲಾಂಡ್ರಿಯಲ್ಲಿ ದುಡಿಯುವ ಅಕ್ಕ ಇಸ್ತ್ರಿ ಮಾಡುತ್ತಾ ನಕ್ಕಿದ್ದಳು, ನನ್ನ ಮಗ ಆ ರೂಮಿಗೆ ಹೋದೋನು ಮೀಸೆ ಬಂದ್ಮೇಲೇ ಹೊರಗೆ ಬಂದಿದ್ದು ಕಣೇ, ನಕ್ಕವಳು ಒಂದೇ ದಿಂಬಿನ ಚೀಲವನ್ನು ಮತ್ತೆ ಮತ್ತೆ ಉಜ್ಜುತ್ತಿದ್ದಳು. ನಿಜಕ್ಕೂ ಇವಳಿಗೆ ಏನಾದರೂ ಇದ್ದರೆ — ಇದ್ದರೆ ಇರಲಿ, ನನ್ನ ಮಗಳು, ಅದಕ್ಕೆ ಹೆದರುವುದಿಲ್ಲ, ಹೆದರುವುದು ಆ ಬಾಗಿಲಿಗೆ, ಒಪ್ಪಿದೆ ಅಂದುಬಿಟ್ಟರೆ ಮತ್ತೆ ಯಾರನ್ನು ಬೇಡುವುದು, ಒಪ್ಪಲ್ಲ ಅಂದರೆ ನಮ್ಮನ್ನು ಇಲ್ಲಿಂದಲೇ ಓಡಿಸಿದರೆ.

ಎದ್ದಿದ್ದೇನೆ, ಕಾಲು ತಾನೇ ನಡೆಯುತ್ತಿದೆ, ಬಾಗಿಲು ತಳ್ಳಿದ್ದೂ ನಾನೇ, ಮೇಡಂ, ನಮ್ಮ ಭಾಷೇಲಿ ಒಂದ್ಸಲ ಕೇಳ್ತೀನಿ, ಪರೀಕ್ಷೆಯ ಹೆಂಗಸು ಅಡ್ಡಡ್ಡ ತಲೆಯಾಡಿಸುತ್ತಾಳೆ, ಹಾಗೆಲ್ಲ ಕೇಳೋ ಹಾಗಿಲ್ಲಮ್ಮ, ಒಂದೇ ಸಲ ಮೇಡಂ, ಅವಳು ಮತ್ತೆ ಬೇಡ ಅನ್ನುವ ಮೊದಲೇ ಮಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ನಮ್ಮ ಮಾತಿನಲ್ಲಿ ಕೇಳಿದೆ, ಚಿನ್ನಾ, ಇದೇನು ಹೇಳಮ್ಮಾ. ಅವಳು ಆ ಹೆಂಗಸಿನ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು, ಪುಟ್ಟ ಅಂಗೈ ತಂದು ನನ್ನ ಬಾಯಿಗೆ ಒತ್ತಿಬಿಟ್ಟಳು, ತಣ್ಣಗಿದೆ, ಕಿವಿಗೆ ಬಿಸಿ ಉಸಿರು — ಅಮ್ಮಾ, ಇಲ್ಲಿ ನಮ್ಮ ಭಾಷೇಲಿ ಮಾತಾಡ್ಬೇಡ, ನಿನ್ನೂ ಆ ರೂಮಿಗೆ ಹಾಕ್ತಾರೆ. ಏನೋ ಅಂದಳಲ್ಲ, ಹೆಂಗಸು ಮುಂದೆ ಬಾಗಿದ್ದಾಳೆ, ಏನಂದಳು, ಹೇಳಿ ಅನ್ನುತ್ತಾಳೆ, ಹೇಳಬೇಕು, ಈಗಲೇ ಹೇಳಬೇಕು, ಎಷ್ಟು ಚೆನ್ನಾಗಿ ಯೋಚಿಸಿದ್ದಾಳೆ ನೋಡಿ ಅನ್ನಬೇಕು, ಆದರೆ ತುಟಿಯ ಮೇಲೆ ಆ ಅಂಗೈ, ತೆಗೆಯೇ ಅಂದರೆ ಇನ್ನೂ ಒತ್ತುತ್ತಾಳೆ, ಆ ಅಂಗೈ, ತಣ್ಣನೆಯ ಆ ಅಂಗೈ